ಕೈ ಬೇಕು ಸ್ವಾಮಿ, ಪ್ಲಗಿನ್ ಅಲ್ಲ

ಈಗಷ್ಟೇ ಒಂದು ರೀಲ್ ಕಣ್ಣಿಗೆ ಬಿತ್ತು. ಲ್ಯಾಪ್‌ಟಾಪಿನಲ್ಲಿ ಡ್ರಮ್ ಲೂಪ್ (ಒಂದೇ ತಾಳ ಸುತ್ತಿ ಸುತ್ತಿ ಬರೋ ತುಣುಕು) ಹಾಕಿ, ಮೇಲೊಂದು ಪ್ಲಗಿನ್, ಅಂದ್ರೆ ಸದ್ದು ಬದಲಿಸೋ ಸಾಫ್ಟ್‌ವೇರ್ ಒತ್ತಿ, "ಒಬ್ಬನೇ ಐದು ನಿಮಿಷದಲ್ಲಿ ಬ್ಲ್ಯಾಕ್ ಮೆಟಲ್" ಅಂತ ಹಲ್ಲು ಕಿರಿದಿದ್ದಾರೆ. ಬ್ಲ್ಯಾಕ್ ಮೆಟಲ್ ಅಂದ್ರೆ ಒರಟು ಸದ್ದಿನ, ವೇಗದ ರಾಕ್ ಸಂಗೀತ. ಕೆಳಗೆ ಕಮೆಂಟಿನಲ್ಲಿ ಜ್ಞಾನ ಬೇರೆ: ಆ ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡಿನವರಿಗೆ ನುಡಿಸೋಕೇ ಬರ್ತಿರ್ಲಿಲ್ಲ, ಅದಕ್ಕೇ ಹಾಗೆ ಗುಯ್‌ಗುಡುತ್ತೆ! ನನ್ನ ಬಿಪಿ ವಿಷಯ ನಿಮಗೆಲ್ಲ ಗೊತ್ತೇ ಇದೆ.

ಬರ್ತಿರ್ಲಿಲ್ವಾ? ನಾರ್ವೆಯ ಬ್ಯಾಂಡ್ ಡಾರ್ಕ್‌ಥ್ರೋನ್‌ನ ಡ್ರಮ್ಮರ್ ಫೆನ್ರಿಜ್ ಮೊದಲ ಆಲ್ಬಂನಲ್ಲಿ ಬಾರಿಸಿದ್ದು ಕೇಳಿ. ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ ಮಾಡಿದ 'ಸೋಲ್‌ಸೈಡ್ ಜರ್ನಿ', ಹೆಜ್ಜೆಗೊಂದು ತಾಳ ಬದಲಾಗುವ ಡೆತ್ ಮೆಟಲ್, ಅದು ಮೆಟಲ್‌ನದೇ ಇನ್ನೊಂದು ಕವಲು. ಅಷ್ಟು ಬರುತ್ತಿದ್ದವನು ಬೇಕಂತಲೇ ಬಿಟ್ಟುಬಂದ. 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್'ನಲ್ಲಿ ಡ್ರಮ್ಸ್, ಗಿಟಾರ್, ಬೇಸ್ ಎಲ್ಲ ಅವನೇ. ಬ್ಯಾಂಡಿನ ಇನ್ನೊಬ್ಬ ನೊಕ್ಟುರ್ನೋ ಕಲ್ಟೋದು ಬರೀ ಗಾಯನ. ರೆಕಾರ್ಡ್ ಆಗಿದ್ದು ಫೋರ್ ಟ್ರ್ಯಾಕ್ ಮಷೀನಿನಲ್ಲಿ, ಅಂದ್ರೆ ನಾಲ್ಕೇ ಸದ್ದಿನ ಪಟ್ಟಿ ಇರೋ ಟೇಪ್ ರೆಕಾರ್ಡರಿನಲ್ಲಿ.

ಫೋರ್ ಟ್ರ್ಯಾಕ್ ಅಂದ್ರೆ ಏನು ಗೊತ್ತಾ ರೀಲ್ ಮಹಾಶಯರೇ? ಡ್ರಮ್ಸ್‌ಗೆ ಎರಡು ಟ್ರ್ಯಾಕ್ ಕೊಟ್ರೆ ಗಿಟಾರ್‌ಗೊಂದು, ಬೇಸ್‌ಗೊಂದು, ಅಲ್ಲಿಗೆ ಮುಗೀತು. ದನಿಗೂ ಜಾಗ ಬೇಕಾದ್ರೆ ನಾಲ್ಕನೆಯದನ್ನು ಖಾಲಿ ಬಿಟ್ಟು, ಮೊದಲ ಮೂರನ್ನು ಸೇರಿಸಿ ಅದಕ್ಕೆ ಬೌನ್ಸ್ (ನಕಲು) ಮಾಡಿ, ಹಳೆಯದನ್ನು ಅಳಿಸಬೇಕು. ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್) ಒಂದು ಚೂರು ಜೋರಾಗಿ ಕೂತಿದ್ರೂ ಕೊನೇವರೆಗೂ ಹಾಗೇ, ಕಂಟ್ರೋಲ್ ಝಡ್ ಇಲ್ಲ. ಪ್ರತಿ ಬೌನ್ಸಿಗೂ ಟೇಪಿನ ಹಿಸ್, ಅಂದ್ರೆ ಸುಯ್ ಅನ್ನೋ ಸದ್ದು ಏರುತ್ತೆ, ಸಿಂಬಲ್‌ನ (ಡ್ರಮ್ಸ್ ಜತೆಗಿರೋ ಲೋಹದ ತಟ್ಟೆ) ಮೊನಚು ಇಳಿಯುತ್ತೆ.

ಇನ್ನು ಕೈ. 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಹದಿನಾರನೇ ನೋಟ್, ಅಂದ್ರೆ ಬೀಟ್‌ಗೆ ನಾಲ್ಕು ಹೊಡೆತ ಅಂದ್ರೆ ಸೆಕೆಂಡಿಗೆ 12 ಸಲ ಪಿಕ್ ತಂತಿಗೆ ತಾಗಬೇಕು. ಆರು ನಿಮಿಷದ ಹಾಡಿಗೆ 4,320. ಎರಡು ಗಿಟಾರ್ ಪದರ ಬೇಕಾದ್ರೆ ಅದರ ದುಪ್ಪಟ್ಟು. ಮಣಿಕಟ್ಟು ಬಿಗಿಯಾದ ಕೂಡಲೇ ಆಟ ಮೊಣಕೈಗೆ ಹೋಗುತ್ತೆ, ಲಯ ಜಾರುತ್ತೆ. ತೆಳು ಪಿಕ್ ಬಳುಕಿ ತಡವಾಗುತ್ತೆ, ಒಂದು ಮಿಲಿಮೀಟರ್ ಮೇಲಿನದೇ ಬೇಕು. ಆಂಪ್ಲಿಫಯರಿನ ಗೇನ್ (ಸದ್ದು ಒರಟಾಗಿಸೋ ಗುಂಡಿ) ಪೂರ್ತಿ ತಿರುಗಿಸೋದು ಎಲ್ಲರೂ ಮಾಡೋ ತಪ್ಪು: ಒಂದೊಂದು ಹೊಡೆತವೂ ಕಲಸಿಹೋಗಿ ಮಿಕ್ಸಿ ಓಡಿದ ಹಾಗಾಗುತ್ತೆ. ಮಿಡ್ (ಸದ್ದಿನ ಮಧ್ಯದ ಭಾಗ) ಕತ್ತರಿಸಿದ್ರೆ ಗಿಟಾರ್ ಸೀದಾ ಸಿಂಬಲ್ ಕೆಳಗೆ ಮುಳುಗುತ್ತೆ.

ಒಬ್ಬನೇ ನುಡಿಸುವಾಗ ಇನ್ನೊಂದು ಪೀಕಲಾಟ. ಸಾಮಾನ್ಯವಾಗಿ ಡ್ರಮ್ಸ್ ಮೊದಲು. ಗಿಟಾರ್ ಕೇಳಿಸಲ್ಲ, ಹಾಡು ಪೂರ್ತಿ ತಲೆಯೊಳಗೇ ಓಡಬೇಕು. ರಿಫ್‌ನ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಒಂದು ಸುತ್ತು ಎಣಿಕೆ ತಪ್ಪಿದ್ರೆ ಆಮೇಲೆ ಗಿಟಾರ್ ಹಿಡಿದಾಗ ಸಿಕ್ಕಿಬೀಳೋದು ನೀವೇ. ಬಯ್ಯೋಕೆ ಬೇರೆ ಡ್ರಮ್ಮರ್ ಕೂಡ ಇಲ್ಲ.

"ಕಾಲ ಬದಲಾಗಿದೆ, ಪ್ಲಗಿನ್ ಬಳಸಿದ್ರೆ ತಪ್ಪೇನು?" ಅಂತೀರಿ. ಬಳಸ್ಕೊಳ್ಳಿ ಮಾರಾಯ್ರೇ, ನನ್ನಪ್ಪನ ಗಂಟೇನು ಹೋಗುತ್ತೆ. ಪ್ಲಗಿನ್ ಹಿಸ್ ಕೊಡುತ್ತೆ. ನಾಲ್ಕನೇ ನಿಮಿಷದಲ್ಲಿ ಎಡಗೈ ಸೋತು ಸ್ನೇರ್ ಮೆತ್ತಗಾಗೋದು, ಆ ಜಾರಿದ ಲಯಕ್ಕೇ ಗಿಟಾರ್ ಒರಗಿ ನಿಲ್ಲೋದು, ಇದನ್ನ ಲೂಪ್ ಕೊಡುತ್ತಾ?

ಹ್ಞಾಂ, ಆ 'ಟ್ರಾನ್ಸಿಲ್ವೇನಿಯನ್ ಹಂಗರ್' ಆಲ್ಬಂನ ಮೊದಲ ಅಚ್ಚಿನ ಹಿಂಬದಿಯಲ್ಲಿ 'ಆರ್ಯ' ಅಂತೊಂದು ಜನಾಂಗೀಯ ಘೋಷಣೆ ಇತ್ತು. ಅಭಿಮಾನಿಗಳು ಅದನ್ನ ನುಂಗಿಬಿಡ್ತಾರೆ. ನನಗೆ ಗಂಟಲಲ್ಲಿ ಇಳಿಯಲ್ಲ, ಹೊಲಸು ಹೊಲಸೇ. ಆದರೂ ಆಲ್ಬಂ ಹಾಕ್ಕೊಂಡು ಕೇಳ್ತೀನಿ, ಏನಂತೀರೋ ಅನ್ನಿ.

ಈ ಫೆನ್ರಿಜ್ ಅಂಚೆ ಕೆಲಸ ಮಾಡ್ಕೊಂಡೇ ಬ್ಯಾಂಡ್ ನಡೆಸಿದವನು. ಡಾರ್ಕ್‌ಥ್ರೋನ್ ದಶಕಗಳಿಂದ ಸ್ಟೇಜ್ ಹತ್ತಿಲ್ಲ. ಸಂಬಳ ಬೇರೆ ಕಡೆಯಿಂದ ಬರ್ತಿದ್ರೆ ಟೂರ್ ಹೋಗು, ಸೌಂಡ್ ದಪ್ಪ ಮಾಡು ಅಂತ ಯಾರೂ ಕುತ್ತಿಗೆ ಮೇಲೆ ಕೂರಲ್ಲ. ಅವನ ಊರು ಕೋಲ್ಬೊಟ್ನ್‌ನಲ್ಲಿ ಬೆಕ್ಕು ಹಿಡಿದ ಫೋಟೋ ಹಾಕಿ, ದಯವಿಟ್ಟು ನನಗೆ ವೋಟ್ ಹಾಕ್ಬೇಡಿ ಅಂದಿದ್ದ. ಜನ ಹಾಕೇ ಹಾಕಿದ್ರು, ಸ್ಥಳೀಯ ಕೌನ್ಸಿಲ್‌ಗೆ ಬದಲಿ ಸದಸ್ಯನೂ ಆದ.