ಪೆಟ್ಟಿಗೆ ಕೂಗಿ ಹೇಳಿದ ಲೆಕ್ಕ

ಒಬ್ಬರ ಸಂಪಾದನೆ ಎಷ್ಟು ಅಂತ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಈಗ ಕೇಳುವ ಅಗತ್ಯವೂ ಇಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಸುಮ್ನೆ ನಿಂತರೆ ಸಾಕು. ಕಬ್ಬಿನ ಹಾಲಿನವರಿಗೆ ಮೂವತ್ತು ಬಂತು, ಹೂವಿನವರಿಗೆ ಐವತ್ತು ಬಂತು, ಬಂಗುಡೆ ಮಾರುವ ಅಕ್ಕನಿಗೆ ಇನ್ನೂರು ಬಂತು. ಫೋನಿನಲ್ಲಿ ದುಡ್ಡು ಬಂದ ಕೂಡಲೇ ಮೊತ್ತ ಹೇಳುವ ಸೌಂಡ್‌ಬಾಕ್ಸ್ ಪೆಟ್ಟಿಗೆಗಳು ಪೈಪೋಟಿಯಲ್ಲಿ ಕೂಗುತ್ತವೆ. 2024ರಲ್ಲಿ ಫೋನ್‌ಪೇ ಪೆಟ್ಟಿಗೆಗೆ ಕಿಚ್ಚ ಸುದೀಪ್ ಕನ್ನಡದಲ್ಲಿ ದನಿ ಕೊಟ್ಟರು. ಒಂದು ಪ್ಲೇಟ್ ಗೋಳಿಬಜೆಗೂ ಹೀರೋ ಎಂಟ್ರಿ!

ಗುಟ್ಟಾಗಿ ದುಡ್ಡು ಕೂಡಿಡುವುದನ್ನು ದೇಶಕ್ಕೆ ಕಲಿಸಿದವರು ನಾವು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿತು. ಏಜೆಂಟರು ದಿನಾ ಬರುತ್ತಿದ್ದರು. ಎರಡಾಣೆ ತಗೊಂಡು, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಅಂಗಡಿ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದವರು ಒಬ್ಬರೂ ಇಲ್ಲ.

ಬೊಬ್ಬೆ ಕಲಿಸಿದ್ದು ಜಾಹೀರಾತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ಹೋದವು. ಎರಡು ದಿನ ಕಳೆಯುವುದರೊಳಗೆ ಪತ್ರಿಕೆಯ ಪುಟ ತುಂಬಾ ಪೇಟಿಎಂ ಜಾಹೀರಾತು, ಪ್ರಧಾನಿಯ ಫೋಟೊ ಸಮೇತ. ಆಮೇಲೆ ಕ್ಯೂಆರ್ ಇಲ್ಲದ ಅಂಗಡಿಯವರು ಹಿಂದುಳಿದವರು. ಪಾಪ, ಎಲ್ಲರೂ ಹಾಕಿಸಿಕೊಂಡರು. ಎಷ್ಟೋ ಪೆಟ್ಟಿಗೆಗಳಿಗೆ ತಿಂಗಳ ಬಾಡಿಗೆ ಬೇರೆ. ನಮ್ಮ ಲೆಕ್ಕವನ್ನು ಊರಿಗೆ ಸಾರಲು ನಾವೇ ದುಡ್ಡು ಕೊಡಬೇಕು!

2025ರ ಏಪ್ರಿಲ್ 12ರ ಶನಿವಾರ ದೇಶದ ತುಂಬಾ ಯುಪಿಐ ಕೈಕೊಟ್ಟಿತು. ಮೀನು ಚೀಲಕ್ಕೆ ಬಿದ್ದಾಗಿದೆ, ದುಡ್ಡು ಇನ್ನೂ ಸುತ್ತುತ್ತಾ ಇದೆ. ಅಂಥ ಹೊತ್ತಿಗೆ ನಮ್ಮ ಮೀನಿನ ಅಕ್ಕಂದಿರು, "ನಾಳೆ ಕೊಡಿ ಮಾರಾಯ್ರೆ" ಅನ್ನುತ್ತಾರೆ. ಆ ವ್ಯವಸ್ಥೆಗೆ ಸರ್ವರ್ ಬೇಡ.

ಪೆಟ್ಟಿಗೆ ಕೂಗಿದ್ದನ್ನು ಊರು ಮಾತ್ರ ಅಲ್ಲ, ವಾಣಿಜ್ಯ ತೆರಿಗೆ ಇಲಾಖೆಯೂ ಕೇಳಿಸಿಕೊಂಡಿತು. ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದುಕೊಂಡು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು. ವರ್ಷಕ್ಕೆ 40 ಲಕ್ಷದ ಮೇಲೆ ಸರಕು ಮಾರಿದರೆ ಜಿಎಸ್‌ಟಿ ನೋಂದಣಿ ಬೇಕು, ಅದು ಕಾನೂನು, ಒಪ್ಪಿದೆ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಎಂತಕ್ಕೆ? ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಹಸಿ ಮೀನಿಗೂ ಇಲ್ಲ. ಕಂಪ್ಯೂಟರಿಗೆ ದುಡ್ಡು ಬಂದದ್ದಷ್ಟೇ ಕಾಣುತ್ತದೆ. ಅಂಗಡಿಯಿಂದ ಹೋದದ್ದು ಬಸಳೆಯೋ ಬಂಗಾರವೋ ಅದಕ್ಕೇನು ಗೊತ್ತು? ಮಗ ಕಳಿಸಿದ್ದು, ಭಾವ ತೀರಿಸಿದ ಕೈಸಾಲ, ಎಲ್ಲ ಒಂದೇ ಲೆಕ್ಕ.

ಬೆಂಗಳೂರಿನಲ್ಲಿ ಕ್ಯೂಆರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡು ಹಾಕಿದರು. ಬಂದ್ ಮಾಡುತ್ತೇವೆ ಅಂದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದರು. ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ಕೇಳುವುದಿಲ್ಲ ಅಂದರು. ಒಟ್ಟಿನಲ್ಲಿ ಒಂಬತ್ತು ವರ್ಷದ ಜಾಹೀರಾತನ್ನು ಒಂದು ನೋಟಿಸು ಅಳಿಸಿ ಹಾಕಿತ್ತು. ಖರ್ಚೂ ಕಡಿಮೆ.

ಪೆಟ್ಟಿಗೆಯವರಲ್ಲಿ ನನ್ನದೊಂದು ವಿನಂತಿ. ಇಷ್ಟು ಕೂಗಿದ ಮೇಲೆ ಪೂರ್ತಿ ಕೂಗಲಿ: "ಇನ್ನೂರು ರೂಪಾಯಿ ಬಂದಿದೆ. ಹಸಿ ಮೀನಿನದ್ದು, ತೆರಿಗೆ ಇಲ್ಲ. ಮತ್ತೆ ಐದು ಸಾವಿರ ಬಂದಿದೆ. ಇದು ವ್ಯಾಪಾರ ಅಲ್ಲ, ಭಾವನದ್ದು. ಇನ್ನೂ ಮೂರು ಸಾವಿರ ಬಾಕಿ ಇದೆ."

ಬಾಡಿಗೆ ಸ್ವಲ್ಪ ಜಾಸ್ತಿ ಆದೀತು. ಆದರೆ ಭಾವ ಬೇಗ ತೀರಿಸಿಯಾರು.