ತಿರುಗಿಕೊಂಡ್ರೆ ಸಾಕಾ, ತಿರುಗಿಸಿ ಕೊಡ್ಲೇಬೇಕಾ?

ನಾವಿಬ್ರು ಅಕ್ಕ ತಮ್ಮ. ಅಕ್ಕ ಮೈಸೂರು, ತಮ್ಮ ಮಂಡ್ಯ. ಹುಟ್ಟಿದ್ದು ಬೆಳೆದಿದ್ದು ಕ್ಯಾಥೊಲಿಕ್ ಮನೇಲಿ, ಅಕ್ಕ ಮದುವೆ ಆದ್ಮೇಲೆ ಗಂಡನ ಮನೆಯವ್ರ ಜೊತೆ ಪ್ರೊಟೆಸ್ಟಂಟರ ಸಿಎಸ್‌ಐ ಸಭೆಗೆ ಹೋಗ್ತಾಳೆ. ಈ ಸಲದ ತಪಸ್ಸು ಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಫೋನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೆ ಇಬ್ರೂ ಬರೆದೇ ಬಿಡೋಣ ಅಂತ ಕೂತ್ವಿ. ಪ್ರಶ್ನೆ ಇಷ್ಟೇ: ಇನ್ನೊಬ್ರಿಗೆ ನಷ್ಟ ಮಾಡಿದೋನು ಆ ನಷ್ಟ ತುಂಬಿ ಕೊಡದೇ ಇದ್ರೆ ಅವನ ಪಶ್ಚಾತ್ತಾಪ ನಿಜವಾದ್ದು ಅನ್ನಬಹುದಾ?

ಪರ: ಕೊಡ್ಲೇಬೇಕು (ತಮ್ಮ ಬರೆದದ್ದು)

ಮೊದ್ಲು ನನ್ನ ಕಥೆ ಹೇಳಿಬಿಡ್ತೀನಿ, ಇಲ್ದಿದ್ರೆ ಬರೀ ಉಪದೇಶ ಆಗೋಗುತ್ತೆ.

ನಾನು ಮಂಡ್ಯದಲ್ಲಿ ಚೀಟಿ ನಡೆಸ್ತಿದ್ದೆ. 20 ಜನ, ತಿಂಗಳಿಗೆ 1,000 ರೂಪಾಯಿ, ತಿಂಗಳಿಗೊಬ್ರು ಎತ್ತೋದು. 18 ತಿಂಗಳು ಸರಿಯಾಗೇ ನಡೀತು, ಆಮೇಲೆ ನನಗೆ ಸಾಲ ಕೊಟ್ಟಿದ್ದೋರು ಬಾಗಿಲಿಗೆ ಬರೋಕೆ ಶುರು ಮಾಡಿದ್ರು, ಕೈಯಲ್ಲಿದ್ದ ಕಂತಿನ ದುಡ್ಡು ಅವ್ರಿಗೆ ಕೊಟ್ಟೆ, ಮುಂದಿನ ತಿಂಗಳು ಹೊಂದಿಸ್ತೀನಿ ಅಂದ್ಕೊಂಡೆ, ಹೊಂದಿಸೋಕೆ ಆಗ್ಲಿಲ್ಲ. ಕೊನೇಲಿ ಎತ್ತಬೇಕಿದ್ದ ಇಬ್ರ 40,000 ಹೋಯ್ತು. ಅವ್ರಲ್ಲಿ ಒಬ್ರು ಹೂವು ಮಾರೋ ಅಮ್ಮ. ಮಗಳ ಮದುವೆಗೆ ಆಗುತ್ತೆ ಅಂತ ಬೇಕಂತ್ಲೇ ಕೊನೇ ಚೀಟಿ ಇಟ್ಕೊಂಡಿದ್ರು.

ನನಗೆ ದುಃಖ ಆಗ್ಲಿಲ್ಲ ಅಂತ ಮಾತ್ರ ಯಾರೂ ಹೇಳೋ ಹಾಗಿಲ್ಲ. ರಾತ್ರಿ ನಿದ್ದೆ ಇರ್ಲಿಲ್ಲ. ಜೂನ್ 13ಕ್ಕೆ ಡೋರ್ನಹಳ್ಳಿ ಅಂತೋಣಿಯವರ ಹಬ್ಬಕ್ಕೆ ಹೋದೆ, ಆ ಜನಜಂಗುಳೀಲಿ ಮೇಣದಬತ್ತಿ ಹಚ್ಚಿ ಅತ್ತೆ. ಸಂತ ಅಂತೋಣಿ ಅಂದ್ರೆ ಕಳೆದು ಹೋದ ವಸ್ತು ಸಿಗೋ ಹಾಗೆ ಮಾಡೋ ಸಂತರು, ಹಿಂದೂಗಳು ಮುಸ್ಲಿಮರು ಎಲ್ರೂ ಬರ್ತಾರೆ ಅಲ್ಲಿಗೆ. ನನ್ನ ಪಕ್ಕದಲ್ಲಿ ಒಬ್ರು ಕಳೆದ ಒಡವೆ ಸಿಗ್ಲಿ ಅಂತ ಗಟ್ಟಿಯಾಗೇ ಬೇಡ್ಕೊಳ್ತಿದ್ರು. ಆಗ ಹೊಟ್ಟೇಲಿ ಏನೋ ಕಿವುಚಿದ ಹಾಗಾಯ್ತು. ಎಲ್ರೂ ಕಳ್ಕೊಂಡಿದ್ದು ಸಿಗ್ಲಿ ಅಂತ ಬಂದವ್ರೆ, ನಾನು ಮಾತ್ರ ಬೇರೆಯೋರು ಕಳ್ಕೊಂಡಿದ್ದನ್ನ ಜೇಬಿಗೆ ಹಾಕ್ಕೊಂಡು ಬಂದಿದೀನಿ. ಆದ್ರೂ ಮನೆಗೆ ವಾಪಸ್ ಬಂದಾಗ ಮನಸ್ಸು ಹಗುರ ಆಗಿತ್ತು, ಈಗ ಯೋಚ್ನೆ ಮಾಡಿದ್ರೆ ಆ ಹಗುರಾನೇ ನನಗೆ ಭಯ ಹುಟ್ಸುತ್ತೆ. ಹೂವಿನಮ್ಮಂಗೆ ಒಂದು ಪೈಸೆ ಹೋಗಿರ್ಲಿಲ್ಲ, ನಾನು ಮಾತ್ರ ಅತ್ತು ಸಮಾಧಾನ ಮಾಡ್ಕೊಂಡು ಬಂದಿದ್ದೆ.

ಮುಂದಿನ ವರ್ಷ ತಪಸ್ಸು ಕಾಲ ಶುರುವಾಗೋ ವಿಭೂತಿ ಬುಧವಾರ ಆದ್ಮೇಲೆ ಪಾಪನಿವೇದನೆಗೆ, ಅಂದ್ರೆ ಮಾಡಿದ ಪಾಪ ಫಾದರ್ ಹತ್ರ ಹೇಳ್ಕೊಳ್ಳೋಕೆ ಹೋದೆ. ಫಾದರ್ ಎಲ್ಲಾ ಕೇಳಿಸ್ಕೊಂಡು "ಆ ಅಮ್ಮನ ದುಡ್ಡು ಕೊಡೋಕೆ ಮನಸ್ಸಿದೆಯಾ?" ಅಂದ್ರು. ಕೈಯಲ್ಲಿ ಇಲ್ಲ ಫಾದರ್ ಅಂದೆ. "ಕೈಯಲ್ಲಿದೆಯಾ ಅಂತ ಕೇಳ್ಲಿಲ್ಲ, ಮನಸ್ಸಿದೆಯಾ ಅಂತ ಕೇಳ್ದೆ" ಅಂದ್ರು. ನನಗೆ ಉತ್ತರ ಬರ್ಲಿಲ್ಲ, ಯಾಕಂದ್ರೆ ಅಲ್ಲೀವರ್ಗೂ ನಾನು ಕೇಳ್ತಿದ್ದಿದ್ದು ಕ್ಷಮೆ ಮಾತ್ರ.

ಇದೇನು ಆ ಫಾದರ್ ಸ್ವಂತ ಕಟ್ಟುನಿಟ್ಟಲ್ಲ. ನಮ್ಮ ಸಭೆಯ ಬೋಧನೆಯ ಅಧಿಕೃತ ಪುಸ್ತಕ ಕ್ಯಾಥೊಲಿಕ್ ಕ್ಯಾಟೆಕಿಸಂನ 1459ನೇ ಪ್ಯಾರಾದಲ್ಲಿ ಸ್ಪಷ್ಟವಾಗಿದೆ, ಫಾದರ್ ಕೊಡೋ ಪಾಪವಿಮೋಚನೆ ಪಾಪ ತೆಗೆಯುತ್ತೆ, ಆದ್ರೆ ಪಾಪದಿಂದ ಆದ ಹಾಳು ತಾನಾಗೇ ಸರಿಹೋಗಲ್ಲ, ಕದ್ದಿದ್ದು ವಾಪಸ್ ಕೊಡ್ಬೇಕು, ಹೆಸರು ಕೆಡಿಸಿದ್ರೆ ಹೆಸರು ಉಳಿಸಿ ಕೊಡ್ಬೇಕು, ಆದಷ್ಟಾದ್ರೂ ಮಾಡ್ಲೇಬೇಕು. 1551ರಲ್ಲಿ ಬಿಷಪ್ಪರ ಟ್ರೆಂಟ್ ಮಹಾಸಭೆ ಪಾಪನಿವೇದನೆ ಸಂಸ್ಕಾರಕ್ಕೆ ಮೂರು ಅಂಗ ಹೇಳ್ತು, ಮನಸ್ಸಿನ ದುಃಖ, ಬಾಯಿಬಿಟ್ಟು ಒಪ್ಕೊಳ್ಳೋದು, ಆಮೇಲೆ ಪರಿಹಾರ. ಮೊದಲಿನೆರಡು ಮಾಡಿ ಮೂರನೇದಕ್ಕೆ ಬೆನ್ನು ತಿರುಗಿಸಿದ್ರೆ ನಾಟಿ ಹಾಕಿ ನೀರು ಬಿಡದೇ ಇದ್ದ ಹಾಗೆ.

ಜಕ್ಕಾಯನ ಕಥೆ ಲೂಕನ ಶುಭಸಂದೇಶ 19ರಲ್ಲಿ ಎಲ್ರಿಗೂ ಗೊತ್ತಿರೋದೇ, ಕುಳ್ಳ, ಯೇಸುಸ್ವಾಮೀನ ನೋಡೋಕೆ ಮರ ಹತ್ತಿದ, ಅಲ್ಲಿಗೇ ಮಕ್ಕಳ ಕಥೆ ಥರ ಮುಗಿಸ್ಬಿಡ್ತೀವಿ. ಅವನ ಲೆಕ್ಕ ನೋಡಿ. ಬೈಬಲಿನ ಯಾಜಕಕಾಂಡದ ಪ್ರಕಾರ ಮೋಸ ಮಾಡಿದೋನು ಅಸಲಿನ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ರೆ ಆಯ್ತು. ಜಕ್ಕಾಯ ಹೇಳಿದ್ದು ನಾಲ್ಕರಷ್ಟು. ಅದು ಎಲ್ಲಿದು ಅಂದ್ರೆ ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಯ್ದೋನಿಗೋ ಮಾರಿದೋನಿಗೋ ಹಾಕೋ ದಂಡ. ಅಂದ್ರೆ ಅವನು ಸುಂಕದ ದೊಡ್ಡ ಅಧಿಕಾರಿ ಆಗಿದ್ದೂ ತಾನು ಕುರಿಕಳ್ಳ ಅಂತ ಎಲ್ರ ಮುಂದೆ ಒಪ್ಕೊಂಡ. ಅವನು ಅದನ್ನ ಹೇಳಿದ್ಮೇಲೇ ಯೇಸುಸ್ವಾಮಿ ಈ ಮನೆಗೆ ಇವತ್ತು ರಕ್ಷಣೆ ಬಂತು ಅಂದಿದ್ದು.

ಯೇಸುಸ್ವಾಮಿಗಿಂತ ಮುಂಚೆ ಪಶ್ಚಾತ್ತಾಪ ಪಡಿ ಅಂತ ಸಾರಿದ ಸ್ನಾನಿಕ ಯೊವಾನ್ನರ ಹತ್ರ ಜನ ಬಂದು ನಾವೇನು ಮಾಡ್ಬೇಕು ಅಂದಾಗ್ಲೂ ಅಷ್ಟೇ. ಎರಡು ಅಂಗಿ ಇದ್ರೆ ಒಂದು ಕೊಡಿ, ಸುಂಕದೋರು ನಿಗದಿಗಿಂತ ಜಾಸ್ತಿ ವಸೂಲಿ ಮಾಡ್ಬೇಡಿ, ಸಿಪಾಯಿಗಳು ಹೆದರಿಸಿ ದುಡ್ಡು ಕೀಳ್ಬೇಡಿ. ಅಳಿ ಅಂತ ಯಾರಿಗೂ ಹೇಳ್ಲಿಲ್ಲ.

ಅಕ್ಕ ಮಾರ್ಟಿನ್ ಲೂಥರನ್ನ, ಪ್ರೊಟೆಸ್ಟಂಟ್ ದಾರಿ ಶುರು ಮಾಡಿದ ಆ ಜರ್ಮನ್ ಸನ್ಯಾಸೀನ ತರ್ತಾಳೆ ಅಂತ ಗೊತ್ತು. 1517ರ ಆ 95 ವಾಕ್ಯಗಳಲ್ಲಿ ಮೊದಲನೇದನ್ನ ಎಲ್ರೂ ಹೇಳ್ತಾರೆ, ಮೂರನೇದನ್ನೂ ಓದ್ಬೇಕು. ಒಳಗಿನ ಪಶ್ಚಾತ್ತಾಪ ಹೊರಗಿನ ಬದುಕಲ್ಲಿ ಕಾಣದೇ ಇದ್ರೆ ಅದು ಪಶ್ಚಾತ್ತಾಪವೇ ಅಲ್ಲ ಅಂತ ಅದರ ಅರ್ಥ.

ನಾನು ತಿಂಗಳಿಗೆ 2,000 ಅಂತ ಹಾಕ್ಕೊಂಡು 20 ತಿಂಗಳಲ್ಲಿ ಇಬ್ರದ್ದೂ ತೀರ್ಸಿದೆ. ಆ ಹೊತ್ತಿಗೆ ಹೂವಿನಮ್ಮ ಬಡ್ಡಿಗೆ ಸಾಲ ತಂದು ಮಗಳ ಮದುವೆ ಮಾಡಿಯಾಗಿತ್ತು. ಆ ಬಡ್ಡಿ ನಾನು ಕೊಟ್ಟಿಲ್ಲ, ಇದನ್ನ ಬರೀತಿರೋವಾಗ್ಲೇ ಅದು ನೆನಪಾಗಿ ಕೈ ನಿಂತೋಯ್ತು. ಕೊಡೋಕೆ ಶಕ್ತಿ ಇಲ್ದೋರು ಏನ್ಮಾಡ್ಬೇಕು, ಸಾಯೋ ಗಳಿಗೇಲಿ ಯೇಸುಸ್ವಾಮಿ ಪಕ್ಕದ ಶಿಲುಬೆ ಮೇಲಿದ್ದ ಕಳ್ಳ ಏನು ಕೊಡ್ತಾನೆ ಅಂತ ಕೇಳ್ತಾರೆ. ಅವನ ಕೈಗೆ ಮೊಳೆ ಹೊಡೆದಿದ್ರು. ನಮ್ಮ ಕೈಗೆ ಮೊಳೆ ಇಲ್ಲ, ಗೂಗಲ್ ಪೇ ಇದೆ.

ವಿರೋಧ: ಕೊಡೋದು ಅಳತೆಗೋಲಲ್ಲ (ಅಕ್ಕ ಬರೆದದ್ದು)

ತಮ್ಮ ದುಡ್ಡು ತೀರ್ಸಿದ್ದು ಒಳ್ಳೇದೇ ಮಾಡ್ದ. ತೀರ್ಸದೇ ಇದ್ದಿದ್ರೆ ನಾನೇ ಬಂದು ಜಗಳ ಆಡ್ತಿದ್ದೆ. ಆದ್ರೆ ಕೊಟ್ಟರಷ್ಟೇ ನಿಜ, ಕೊಡದಿದ್ರೆ ಸುಳ್ಳು ಅನ್ನೋ ಮಾತನ್ನ ನಾನು ಒಪ್ಪಲ್ಲ.

ವಾಪಸ್ ಕೊಟ್ಟೋರಲ್ಲಿ ಸುವಾರ್ತೇಲಿ ಇನ್ನೊಬ್ಬನಿದ್ದಾನೆ, ತಮ್ಮ ಅವನ ಹೆಸರೇ ಎತ್ತಲಿಲ್ಲ. ಯೇಸುವನ್ನ ದುಡ್ಡಿಗೆ ಹಿಡ್ಕೊಟ್ಟ ಶಿಷ್ಯ ಯೂದ. ಮತ್ತಾಯ 27ರಲ್ಲಿದೆ, 30 ಬೆಳ್ಳಿ ನಾಣ್ಯ ಒಂದೂ ಬಿಡದೆ ಮಹಾಯಾಜಕರಿಗೆ ತಿರುಗಿ ಕೊಟ್ಟ, ನಿರಪರಾಧಿಯನ್ನ ಹಿಡ್ಕೊಟ್ಟು ಪಾಪ ಮಾಡ್ದೆ ಅಂತ ಬಾಯಿಬಿಟ್ಟು ಒಪ್ಕೊಂಡ, ದುಃಖಾನೂ ಪಟ್ಟ. ತಮ್ಮ ಹೇಳೋ ಮೂರೂ ಆಯ್ತು. ಆಮೇಲೆ ಹೋಗಿ ನೇಣು ಹಾಕ್ಕೊಂಡ. ಯೇಸುವನ್ನ ಹಿಡಿದ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರ ಮೂರು ಸಲ ಆ ಮನುಷ್ಯನನ್ನ ನಾನರಿಯೆ ಅಂದ, ಅತ್ತ, ಅವನು ಯಾರಿಗೂ ಏನೂ ತಿರುಗಿ ಕೊಡ್ಲಿಲ್ಲ, ಕೊಡೋಕೆ ಏನಿತ್ತು? ಅವನು ಮಾಡಿದ್ದು ಒಂದೇ, ಸತ್ತು ಎದ್ದು ಬಂದ ಯೇಸು ದಡದಲ್ಲಿ ನಿಂತಿದ್ದಾರೆ ಅಂತ ಗೊತ್ತಾದ ತಕ್ಷಣ ದೋಣಿ ಬಿಟ್ಟು ನೀರಿಗೆ ಧುಮುಕಿ ಹತ್ರ ಬಂದ. ಯೋಹಾನ ತನ್ನ ಸುವಾರ್ತೇಲಿ ಬರೀತಾನೆ, ನಾನರಿಯೆ ಅಂದಾಗ ಪೇತ್ರ ಚಳಿ ಕಾಯಿಸ್ಕೊಳ್ತಿದ್ದಿದ್ದು ಇದ್ದಿಲ ಬೆಂಕಿ ಹತ್ರ, ದಡದಲ್ಲಿ ಯೇಸು ಮೀನು ಸುಡೋಕೆ ಹಾಕಿದ್ದೂ ಇದ್ದಿಲ ಬೆಂಕಿನೇ. ಅಲ್ಲಿ ಕೂರ್ಸಿ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳಿದ್ರು. ಬೇರೆ ಯಾವ ಲೆಕ್ಕಾನೂ ಕೇಳ್ಲಿಲ್ಲ. ಯೂದನಿಗೂ ಪೇತ್ರನಿಗೂ ಇರೋ ವ್ಯತ್ಯಾಸ ಯಾರ ಹತ್ರಕ್ಕೆ ತಿರುಗಿದ್ರು ಅನ್ನೋದ್ರಲ್ಲಿದೆ. ನಾಣ್ಯದಲ್ಲಿಲ್ಲ.

ನಮ್ಮ ಹಳೇ ಕನ್ನಡ ಬೈಬಲಲ್ಲಿ ಪಶ್ಚಾತ್ತಾಪ ಪಡಿ ಅನ್ನೋ ಜಾಗಕ್ಕೆ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅಂತಾನೇ ಇದೆ, ನನಗೆ ಆ ಮಾತು ತುಂಬಾ ಇಷ್ಟ. ಗ್ರೀಕಲ್ಲಿ ಮೆಟನೋಯ ಅಂದ್ರೆ ಮನಸ್ಸು ಬದಲಾಗೋದು, ಹೀಬ್ರೂನಲ್ಲಿ ಶೂವ್ ಅಂದ್ರೆ ತಿರುಗಿ ಬರೋದು. ಲ್ಯಾಟಿನ್‌ಗೆ ಹೋದಾಗ ಅದನ್ನ ಪ್ರಾಯಶ್ಚಿತ್ತ ಮಾಡಿ ಅಂತ ಓದ್ಕೊಂಡ್ರು, ಮಾಡೋ ಕೆಲ್ಸ ಆಯ್ತು, ಕೆಲ್ಸಕ್ಕೆ ಲೆಕ್ಕ ಬಂತು, ಲೆಕ್ಕಕ್ಕೆ ಬೆಲೆ ಬಂತು, ಕೊನೆಗೆ ರೋಮ್‌ನ ಸಂತ ಪೇತ್ರರ ದೇವಾಲಯ ಕಟ್ಟೋಕೆ ಅಂತ ಜರ್ಮನಿ ಬೀದೀಲಿ ಪಾಪದ ಶಿಕ್ಷೆ ಕಡಿಮೆ ಮಾಡೋ ಚೀಟಿ ಮಾರೋ ತನಕ ಹೋಯ್ತು. ಲೂಥರ್ ಎದ್ದು ನಿಂತಿದ್ದು ಇದಕ್ಕೇ. ಇಡೀ ಬಾಳೇ ಪಶ್ಚಾತ್ತಾಪ ಆಗಿರ್ಬೇಕು ಅನ್ನೋ ಮೊದಲನೇ ವಾಕ್ಯ ಒಂದು ಸಲ ಕೊಟ್ಟು ಚುಕ್ತಾ ಮಾಡ್ಕೊಳ್ಳೋರಿಗೆ ಹೇಳಿದ್ದು. ಮೂರನೇದನ್ನ ಓದು ಅಂದ್ಯಲ್ಲ, ಓದಿದೀನಿ ಕಣೋ, ಅದು ದೇಹದ ಆಸೆಗಳನ್ನ ಸಾಯಿಸೋ ಮಾತು, ಸಾಲ ತೀರ್ಸೋ ರಸೀದಿ ಅಲ್ಲ.

ಜಕ್ಕಾಯನ ಕಥೆಯಲ್ಲೂ ಮೊದಲಿಂದ ಓದ್ಬೇಕು. ಅವನು ಮರದ ಮೇಲೇ ಇದ್ದಾನೆ, ಬಾಯೇ ಬಿಟ್ಟಿಲ್ಲ, ಆಗ್ಲೇ ಯೇಸು ಬೇಗ ಇಳಿದು ಬಾ, ಇವತ್ತು ನಿನ್ನ ಮನೇಲಿ ಇರ್ಬೇಕು ಅಂದ್ರು. ನೆಂಟರು ಮನೆಗೆ ಬರ್ತಾರೆ ಅಂದಾಗ ಮನೆ ಗುಡಿಸ್ತೀವಲ್ಲ ಹಾಗೆ ಕೊಟ್ಟ ಅವನು. ಗುಡಿಸಿದ್ದಕ್ಕೆ ಅವರು ಬಂದಿದ್ದಲ್ಲ. ಯೇಸು ಹೇಳಿದ ಕಥೇಲಿ ಅಪ್ಪನ ಆಸ್ತಿ ಹಾಳು ಮಾಡಿ ವಾಪಸ್ ಬರೋ ತಪ್ಪಿಹೋದ ಮಗನೂ ದಾರೀಲಿ ಒಂದು ಒಪ್ಪಂದ ಹೊಂದಿಸ್ಕೊಂಡು ಬಂದಿದ್ದ, ನನ್ನನ್ನ ಕೂಲಿಯವ್ರಲ್ಲಿ ಒಬ್ಬನ ಹಾಗೆ ಇಟ್ಕೋ ಅಂತ, ದುಡಿದು ತೀರ್ಸ್ತೀನಿ ಅನ್ನೋ ಲೆಕ್ಕ ಅದು. ಅಪ್ಪ ಆ ಮಾತು ಬಾಯಿಂದ ಆಚೆ ಬರೋಕೇ ಬಿಡ್ಲಿಲ್ಲ, ಅಂಗಿ ತನ್ನಿ ಉಂಗುರ ತನ್ನಿ ಅಂದ್ಬಿಟ್ಟ.

ನಾಲ್ಕರಷ್ಟು ಅನ್ನೋ ಮಾತು ರಾಜ ದಾವೀದನೂ ಆಡಿದ್ದ. ಬಡವನ ಒಂದೇ ಒಂದು ಹೆಣ್ಣು ಕುರಿಮರೀನ ಸಾಹುಕಾರ ಕಿತ್ಕೊಂಡ ಅಂತ ಪ್ರವಾದಿ ನಾತಾನ ಕಥೆ ಹೇಳಿದಾಗ, ಅವನು ಸಾಯಬೇಕು, ನಾಲ್ಕರಷ್ಟು ಕೊಡಬೇಕು ಅಂತ ಕೋಪದಲ್ಲಿ ತೀರ್ಪು ಕೊಟ್ಟ. ಆ ಮನುಷ್ಯ ನೀನೇ ಅಂದ ನಾತಾನ. ಈಗ ದಾವೀದ ಏನು ಕೊಡ್ತಾನೆ? ಅವನು ಊರೀಯನ ಹೆಂಡ್ತೀನ ಕಿತ್ಕೊಂಡು ಊರೀಯನ್ನ ಯುದ್ಧದಲ್ಲಿ ಸಾಯೋ ಹಾಗೆ ಮಾಡಿದ್ದ, ಊರೀಯ ಸತ್ತು ಹೋಗಿದ್ದಾನೆ. ಒಬ್ಬ ಊರೀಯನ ಬದಲು ನಾಲ್ಕು ಊರೀಯರನ್ನ ಎಲ್ಲಿಂದ ತರ್ತಾನೆ? ಅದಕ್ಕೇ 51ನೇ ಕೀರ್ತನೇಲಿ ಕೊಡೋ ಮಾತೇ ಇಲ್ಲ, ಕುಗ್ಗಿದ ಮನಸ್ಸೇ ದೇವರಿಗೆ ಇಷ್ಟದ ಯಜ್ಞ ಅಂತ ಇದೆ.

ಇದನ್ನ ನಾನು ಓದಿ ಕಲ್ತಿದ್ದಲ್ಲ. ನಾನು ಅಮ್ಮನ ಜೊತೆ ಮಾತು ಬಿಟ್ಟು ಆರು ವರ್ಷ ಆಗಿತ್ತು. ಮದುವೆ ವಿಷಯದಲ್ಲಿ ಅಮ್ಮ ಒಂದು ಮಾತು ಅಂದ್ರು, ನಾನು ಹತ್ತು ಅಂದೆ, ಮೈಸೂರಿಂದ ಮಂಡ್ಯಕ್ಕೆ ಒಂದು ಗಂಟೆ ದಾರಿ, ಆರು ವರ್ಷ ಆ ದಾರಿ ಹಿಡೀಲಿಲ್ಲ. ಅಮ್ಮ ಪ್ರತಿ ವರ್ಷ ಫಿಲೋಮಿನಾ ಚರ್ಚಿಗೆ ಬಂದು ಕೆಳಗಿನ ನೆಲಮಾಳಿಗೇಲಿ ಸಂತ ಫಿಲೋಮಿನಾ ಪ್ರತಿಮೆ ಮುಂದೆ ನನಗೋಸ್ಕರ ಪ್ರಾರ್ಥನೆ ಮಾಡಿ ಹೋಗ್ತಿದ್ರಂತೆ, ನಮ್ಮ ಮನೆ ಅಲ್ಲಿಂದ ಎರಡು ಕಿಲೋಮೀಟರೂ ಇಲ್ಲ. ಇದು ನನಗೆ ಗೊತ್ತಾಗಿದ್ದು ಅಮ್ಮನ್ನ ಮಣ್ಣು ಮಾಡೋ ದಿನ, ತಮ್ಮನೇ ಹೇಳ್ದ. ಆ ಆರು ವರ್ಷ ನಾನು ಯಾರಿಗೆ ಕಂತಲ್ಲಿ ಕಟ್ಲಿ? ಬೈಬಲಿನ ಅರಣ್ಯಕಾಂಡದಲ್ಲಿ ನಷ್ಟ ಆದೋನೂ ಇಲ್ಲ, ಪಡ್ಕೊಳ್ಳೋಕೆ ಬಂಧುವೂ ಇಲ್ಲ ಅಂದ್ರೆ ಯಾಜಕನಿಗೆ ಕೊಡಿ ಅಂತ ದಾರಿ ಹೇಳಿದೆ, ಸರಿ, ಅದು ದುಡ್ಡಿಗೆ. ಆಡಿದ ಮಾತಿಗೆ ಎಲ್ಲಿದೆ? ತಮ್ಮನ ಅಳತೇಲಿ ಅಳೆದ್ರೆ ನನ್ನ ಪಶ್ಚಾತ್ತಾಪ ಯಾವತ್ತೂ ನಿಜ ಆಗೋ ಹಾಗೇ ಇಲ್ಲ. ಆದ್ರೆ ನಿಜ ಅಂತ ನನಗೆ ಗೊತ್ತು, ಯಾಕಂದ್ರೆ ಅತ್ತೆ ಒಂದು ಮಾತು ಅಂದಾಗ ನಾನೀಗ ಹತ್ತು ಅನ್ನಲ್ಲ, ಆ ಜಾಗದಲ್ಲಿ ನಾಲಿಗೆ ತಾನಾಗೇ ನಿಲ್ಲುತ್ತೆ. ಬೈಬಲಿನ ಎರಡನೇ ಕೊರಿಂಥ ಪತ್ರದ 7:10ರಲ್ಲಿ ಪೌಲ ಎರಡು ಥರದ ದುಃಖ ಹೇಳ್ತಾನೆ, ದೇವರ ಚಿತ್ತದ ಪ್ರಕಾರ ಬರೋ ದುಃಖ ಮನಸ್ಸನ್ನ ತಿರುಗಿಸಿ ರಕ್ಷಣೆಗೆ ಒಯ್ಯುತ್ತೆ, ಲೋಕದ ದುಃಖ ಸಾವಿಗೆ ಒಯ್ಯುತ್ತೆ ಅಂತ. ನನಗೆ ಎರಡೂ ಆಗಿದೆ, ಮೊದಲು ಬಂದಿದ್ದು ಎರಡನೇದು.

ತಮ್ಮ, ಇನ್ನೊಂದು ಹೇಳ್ಬೇಕು, ಬೇಜಾರು ಮಾಡ್ಕೋಬೇಡ. ನೀನು 20 ತಿಂಗಳು ಆ ಹೂವಿನಮ್ಮನ ಮನೆಗೆ ಹೋಗಿ ದುಡ್ಡು ಕೊಟ್ಟೆ. ಕೊನೇ ಕಂತು ಕೊಟ್ಟ ದಿನದಿಂದ ನೀನು ಆ ಬೀದಿಗೇ ಹೋಗಿಲ್ಲ, ಮಾರ್ಕೆಟ್ಟಿಗೂ ಸುತ್ತು ಹಾಕ್ಕೊಂಡು ಹೋಗ್ತೀಯ, ನಿನ್ನ ಹೆಂಡ್ತಿ ನನಗೆ ಹೇಳಿದ್ದು. ಸಾಲ ತೀರ್ತು, ಮುಖ ನೋಡೋಕೆ ಇನ್ನೂ ಆಗ್ತಿಲ್ಲ.

ನವೆಂಬರ್ 2ಕ್ಕೆ ಸಮಾಧಿ ಹಬ್ಬಕ್ಕೆ ನಾನು ಮಂಡ್ಯಕ್ಕೆ ಬರ್ತೀನಿ. ಅಮ್ಮನಿಗೆ ಹೂವು ಆ ಅಮ್ಮನ ಹತ್ರಾನೇ ತಗೊಳ್ಳೋಣ. ಬಡ್ಡಿ ವಿಷಯ ನೀನೇ ಎತ್ತು, ನಾನು ಪಕ್ಕದಲ್ಲಿ ನಿಂತಿರ್ತೀನಿ.