ಎಂಜಿನ್ ಬದಲಾದ ಕಾರೂ ಹಳೆಯ ಕಾರೇ

ಶನಿವಾರ ಬಂತೆಂದರೆ ನಾನು ಶೆಡ್‌ನಲ್ಲೇ ಇರುತ್ತೇನೆ. ಇಂಗ್ಲೆಂಡಿಗೆ ಬಂದ ಮೇಲೆ ಕೊಂಡ ಮೋರಿಸ್ ಮೈನರ್ ಎಂಬ ಹಳೆಯ ಬ್ರಿಟಿಷ್ ಕಾರು ಅಲ್ಲಿದೆ. ಊರಿನಲ್ಲಿ ದೊಡ್ಡಪ್ಪನ ಹತ್ತಿರವೂ ಒಂದು ಮೈನರ್ ಇದೆ, ತಾತ ಕೊಂಡಿದ್ದು. ಎರಡೂ ಒಂದೇ ಮಾದರಿ. ಆದರೆ ಇಲ್ಲಿನ ಕಾನೂನು ನನ್ನ ಕಾರನ್ನು ನೋಡುವ ರೀತಿಯೇ ಬೇರೆ, ನಮ್ಮ ಕಾನೂನು ದೊಡ್ಡಪ್ಪನ ಕಾರನ್ನು ನೋಡುವ ರೀತಿಯೇ ಬೇರೆ.

ಮೈನರ್ ಯಾವ ಕಾಲದ್ದು ಎಂದು ಗುರುತಿಸುವುದು ಖುಷಿಯ ಕೆಲಸ. 1948ರಲ್ಲಿ ಬಂದ ಮೊದಲ ಕಾರುಗಳಲ್ಲಿ ಹೆಡ್‌ಲೈಟ್ ಕೆಳಗೆ, ಗ್ರಿಲ್‌ನಲ್ಲೇ ಇತ್ತು. ಆಮೇಲೆ ಅದು ಮಡ್‌ಗಾರ್ಡಿಗೆ ಏರಿತು. ಮುಂದಿನ ಗಾಜು ನಡುವೆ ಪಟ್ಟಿ ಇದ್ದು ಎರಡು ತುಂಡಾಗಿದ್ದರೆ ಹಳೆಯದು. 1956ರಲ್ಲಿ ಬಾಗಿದ ಒಂದೇ ಗಾಜು ಬಂತು. ಎಂಜಿನ್ ಮೊದಲು 918 ಸಿಸಿ, ಆಮೇಲೆ 803, 948, ಕೊನೆಗೆ 1098. ಆದರೆ ಗಾಜು, ಲೈಟು, ಎಂಜಿನ್ ಎಲ್ಲವನ್ನೂ ಬದಲಿಸಬಹುದು ಅಲ್ವಾ? ಅದಕ್ಕೇ ಯಾವುದೋ ಒಂದೇ ಗುರುತು ನಂಬಿ ವರ್ಷ ಹೇಳಬಾರದು. ಚಾಸಿ ನಂಬರ್ ನೋಡಬೇಕು.

ಇಲ್ಲಿ ಆ ನಂಬರಿಗೆ ಒಂದು ಆಸರೆ ಇದೆ. ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ಕಾರ್ಖಾನೆಗಳ ಲೆಡ್ಜರುಗಳನ್ನು ಕಾಪಾಡಿಕೊಂಡು ಬಂದಿದೆ. ನಂಬರ್ ಕಳಿಸಿ ಶುಲ್ಕ ಕಟ್ಟಿದರೆ, ದಾಖಲೆ ಉಳಿದಿರುವ ಕಾರುಗಳಿಗೆ ಪ್ರಮಾಣಪತ್ರ ಕೊಡುತ್ತಾರೆ. ನನ್ನ ನೀಲಿ ಕಾರು ಕಾರ್ಖಾನೆಯಿಂದ ಹೊರಟಾಗ ಹಸಿರಾಗಿತ್ತು ಎಂದು ಗೊತ್ತಾಗಿದ್ದು ಹಾಗೆ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಹಿಂದುಗಡೆ ಅದೇ ಹಸಿರು ಬಣ್ಣ ಕಂಡಿತು. ಅವತ್ತಿನ ಸಂತೋಷ ಇನ್ನೂ ಮರೆತಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇಲ್ಲಿನ ಒಂದು ನಿಯಮ. ಕಾರಿಗೆ 40 ವರ್ಷ ದಾಟಿರಬೇಕು, ಕಳೆದ 30 ವರ್ಷಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆಗ ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆಯಿಂದ ವಿನಾಯಿತಿ ಸಿಗುತ್ತದೆ. ಆ 'ಕಳೆದ 30 ವರ್ಷ' ಎನ್ನುವ ಮಾತನ್ನು ಗಮನಿಸಿ. ಅದಕ್ಕೂ ಹಿಂದೆ ಯಾರೋ ಎಂಜಿನ್ ಬದಲಿಸಿದ್ದರೆ ಅದು ಅಡ್ಡಿಯಾಗುವುದಿಲ್ಲ.

ನಮ್ಮಲ್ಲಿ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿಯೇ ನಿಯಮ ತಂದಿತು. 50 ವರ್ಷ ದಾಟಿದ ಕಾರು, ಬೈಕುಗಳನ್ನು ಹೊಸದಾಗಿ ನೋಂದಣಿ ಮಾಡಿಸಿದರೆ 'ವಿಎ' ಅಕ್ಷರ ಇರುವ ನಂಬರ್ ಪ್ಲೇಟ್ ಸಿಗುತ್ತದೆ, ಮೊದಲೇ ನೋಂದಣಿಯಾದವು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಬಹಳ ಒಳ್ಳೆಯ ಕೆಲಸ. ಆದರೆ ಷರತ್ತು ನೋಡಿ: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಮಾರ್ಪಾಡು ನಿನ್ನೆ ಆಗಿದ್ದೋ 50 ವರ್ಷದ ಹಿಂದೆ ಆಗಿದ್ದೋ ಎನ್ನುವ ಪ್ರಶ್ನೆಯೇ ಅಲ್ಲಿಲ್ಲ.

ವಿನಾಯಿತಿಗೆ ಇರುವ ನಿಯಮ ಬೇರೆ, ನೋಂದಣಿಗೆ ಇರುವ ನಿಯಮ ಬೇರೆ ಎನ್ನುವುದು ನನಗೆ ಗೊತ್ತು. ನಾನು ಹೇಳುತ್ತಿರುವುದು ಎರಡರ ಹಿಂದಿರುವ ಯೋಚನೆಯ ಬಗ್ಗೆ. ನಮ್ಮ ದೇಶದಲ್ಲಿ ಹಳೆಯ ಕಾರು ಹೇಗೆ ಉಳಿಯಿತು? ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಕಾರು ಜೋಡಿಸಲು ಶುರು ಮಾಡಿ 1954ರಲ್ಲಿ ನಿಲ್ಲಿಸಿತು. ಆಮದಿಗೆ ಕಟ್ಟುಪಾಡು ಬಿಗಿಯಾಯಿತು. ಹೊರದೇಶದ ಸ್ಪೇರ್ ಪಾರ್ಟ್ ಸಿಗುವುದು ಕಷ್ಟವಾಯಿತು. ದೊಡ್ಡ ದೊಡ್ಡ ಅಮೆರಿಕನ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದರು. ದೊಡ್ಡಪ್ಪನ ಮೈನರ್‌ಗೆ 1978ರಲ್ಲಿ ಫಿಯೆಟ್ ಎಂಜಿನ್ ಬಂತು. ಅದನ್ನು ಕೂರಿಸಲು ಗ್ಯಾರೇಜಿನ ಮೇಸ್ತ್ರಿ ತಾನೇ ಅಳತೆ ತೆಗೆದು, ಕಬ್ಬಿಣ ಕತ್ತರಿಸಿ, ವೆಲ್ಡ್ ಮಾಡಿ ಬ್ರಾಕೆಟ್ ಮಾಡಿದ್ದರು. ಅದು ಇವತ್ತಿಗೂ ಅಲುಗಾಡಿಲ್ಲ. ಆ ಕೆಲಸ ಆಗದಿದ್ದರೆ ಕಾರು ಆಗಲೇ ಗುಜರಿಗೆ ಹೋಗುತ್ತಿತ್ತು. ಕಾರನ್ನು ಉಳಿಸಿದ ಕೆಲಸವೇ ಈಗ ಅದರ ದೋಷ ಎಂದಾದರೆ ನನಗೆ ತುಂಬಾ ಬೇಸರವಾಗುತ್ತದೆ.

ಕಟ್ಟುನಿಟ್ಟು ಬೇಡ ಎಂದು ನಾನು ಹೇಳುವುದಿಲ್ಲ. ಹಳೆಯ ನಂಬರಿಗೆ ಹೊಸ ಬಾಡಿ ಕಟ್ಟಿ ವಿಂಟೇಜ್ ಎಂದು ಮಾರುವವರು ಎಲ್ಲ ಕಡೆ ಇದ್ದಾರೆ. ಆದರೆ ಎಂಜಿನ್ ಬದಲಾಯಿಸಿದ್ದನ್ನು ಆರ್‌ಸಿ ಬುಕ್‌ನಲ್ಲಿ ಬರೆಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ವಾಹನ ನೋಡಿ ತೀರ್ಮಾನಿಸಲು ರಾಜ್ಯ ಮಟ್ಟದ ಸಮಿತಿಯೂ ಹೊಸ ನಿಯಮದಲ್ಲಿದೆ. 30 ವರ್ಷಕ್ಕಿಂತ ಹಿಂದಿನ, ದಾಖಲೆ ಇರುವ ಬದಲಾವಣೆಯನ್ನು ಒಪ್ಪಬಹುದು ಎಂದು ಒಂದು ಸಾಲು ಸೇರಿಸಿದರೆ ಸಾಕು.

ಹೋದ ತಿಂಗಳು ದೊಡ್ಡಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಅಲ್ಲಿಂದ ಒಂದು 918 ಎಂಜಿನ್ ಹುಡುಕಿ ಕಳಿಸು. ಈ ಫಿಯೆಟ್ ಎಂಜಿನ್ ತೆಗೆದು ಹಾಕ್ತೀನಿ" ಎಂದ. ಸದ್ಯಕ್ಕೆ ಬೇಡ ಎಂದೆ. ಮೊದಲು ಆರ್‌ಸಿ ಬುಕ್‌ನ ಆ ಪುಟದ ಫೋಟೊ ತೆಗೆ, ಚಾಸಿ ನಂಬರಿನ ಮೇಲೆ ಪೇಂಟ್ ಬೀಳದ ಹಾಗೆ ನೋಡಿಕೋ, ಮೇಸ್ತ್ರಿ ಇನ್ನೂ ಇದ್ದರೆ ಹೋಗಿ ಮಾತಾಡಿಸು ಎಂದೆ. ನಿನ್ನೆ ಫೋಟೊಗಳು ಬಂದವು. ಒಂದರಲ್ಲಿ ಮೇಸ್ತ್ರಿ ಬಾನೆಟ್ ಎತ್ತಿ ನಿಂತು, ತಾವು ಮಾಡಿದ ಬ್ರಾಕೆಟ್ ತೋರಿಸುತ್ತಿದ್ದಾರೆ.